ನೋಡಲಿಲ್ಲವಂತೆ!

ಮೊನ್ನೆ ಒಂದು ಮದುವೆಮನೆಯಲ್ಲಿ ಊಟದ ಪಂಕ್ತಿಗೆ ಕಾಯುತ್ತ ಕುಳಿತಿದ್ದೆ. ಪಕ್ಕದ ಕುರ್ಚಿಯಲ್ಲಿದ್ದ ಪರಿಚಯದ ಮಹಿಳೆಯೊಬ್ಬರು ನನ್ನತ್ತ ವಾಲಿ, "ನಿಮ್ಮ ಶಾಲೆಯ ಆ ಹುಡುಗಿ ಈಗ ಹೇಗಿದ್ದಾಳೆ ಮೇಡಂ? ಪಾಪ, ಅವತ್ತು ನಾನು ನೋಡಲೇ ಇಲ್ಲ ನೋಡಿ" ಎಂದರು. ಅವರ ದನಿಯಲ್ಲಿ ಕನಿಕರವಿತ್ತು, ಸುಳ್ಳಿರಲಿಲ್ಲ. ಆದರೂ ಆ ಮಾತು ಕೇಳಿ ನನಗೆ ರೇಗಿತು. ಏನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಯಾರೋ "ಎಲೆ ಹಾಕಿದ್ದಾರೆ, ಏಳಿ ಏಳಿ" ಎಂದು ಕೂಗಿದರು. ಎಲೆ ಹಾಕಿದ ಮೇಲೆ ಮದುವೆಮನೆಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ. ಅಂದು ಗಂಟಲಲ್ಲೇ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರು ಓದಿದರೆ ಓದಲಿ. ಮುನಿಸಿಕೊಂಡರೆ ಅದಕ್ಕೂ ನಾನು ಸಿದ್ಧಳೇ.

ನಡೆದದ್ದು ಇಷ್ಟು. 2024ರ ಆಗಸ್ಟ್ ತಿಂಗಳು. ನಮ್ಮ ಶಿವಮೊಗ್ಗದ ಆಗಸ್ಟ್ ಎಂದರೆ ಹಗ್ಗದ ಮೇಲೆ ಹಾಕಿದ ಬಟ್ಟೆ ಮೂರನೆಯ ದಿನವೂ ಒಣಗದ ಕಾಲ. ಸಂಜೆ ಶಾಲೆ ಬಿಟ್ಟ ಮೇಲೆ ನನ್ನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ರೇನ್‌ಕೋಟು ತೊಟ್ಟು, ಸೈಕಲ್ ತುಳಿದುಕೊಂಡು ದುರ್ಗಿಗುಡಿಯ ರಸ್ತೆಯಲ್ಲಿ ಹೋಗುತ್ತಿದ್ದಳು. ಗಾಡಿಕೊಪ್ಪದ ಕಡೆಯಿಂದ ಬರುವ ಹುಡುಗಿ. ರಸ್ತೆಯ ಎಡಬದಿಗೆ, ಬಟ್ಟೆ ಅಂಗಡಿಯೊಂದರ ಮುಂದೆ ಕಾರು ನಿಂತಿತ್ತು. ಅವಳು ಅದರ ಬಲಕ್ಕೆ ಹಾದುಹೋಗುವ ಹೊತ್ತಿಗೆ ಸರಿಯಾಗಿ ಹಿಂದಿನ ಸೀಟಿನ ಬಲಬಾಗಿಲು ತೆರೆದುಕೊಂಡಿತು. ಮಳೆಯಲ್ಲಿ ಕಾರಿನಿಂದ ಇಳಿಯುವ ನಮ್ಮ ಕ್ರಮ ನಿಮಗೂ ಗೊತ್ತು. ಮೊದಲು ಕೊಡೆ ಹೊರಗೆ ಬರುತ್ತದೆ, ಆಮೇಲೆ ಕಾಲು, ಎಲ್ಲಕ್ಕಿಂತ ಕಡೆಗೆ ಕಣ್ಣು. ಕೊಡೆ ಬಿಚ್ಚಬೇಕಾದರೆ ಬಾಗಿಲನ್ನು ಅರ್ಧ ತೆಗೆದರೆ ಸಾಲದು, ಪೂರ್ತಿ ತಳ್ಳಬೇಕು. ತಳ್ಳಿದರು.

ಬಾಗಿಲಿನ ಅಂಚು ಹ್ಯಾಂಡಲಿನ ಎಡತುದಿಗೆ ತಗುಲಿತು. ಎಡತುದಿಗೆ ಪೆಟ್ಟು ಬಿದ್ದಾಗ ಮುಂದಿನ ಚಕ್ರ ಗಕ್ಕನೆ ಎಡಕ್ಕೆ ತಿರುಗುತ್ತದೆ, ಸೈಕಲ್ ಅಲ್ಲೇ ನಿಲ್ಲುತ್ತದೆ, ಮೇಲಿದ್ದವರು ಬಲಕ್ಕೆ ಎಗರಿ ಬೀಳುತ್ತಾರೆ. ಬಲಕ್ಕೆ ಎಂದರೆ ರಸ್ತೆಯ ನಡುವಿಗೆ, ಹಿಂದಿನಿಂದ ಬರುವ ವಾಹನಗಳ ಮುಂದಕ್ಕೆ. ಹಾಗೆಯೇ ಬಿದ್ದಳು. ಹಿಂದೆ ಬರುತ್ತಿದ್ದದ್ದು ಬಸ್ಸಲ್ಲ, ಆಟೋ. ಅದರ ಚಾಲಕ ಬ್ರೇಕ್ ಹಾಕಿ ಗಾಡಿ ಅಡ್ಡ ತಿರುಗಿಸಿದ. ಬಲಗೈ ಊರಿ ಬಿದ್ದದ್ದರಿಂದ ಮುಂಗೈ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರು. ಮೊದಲನೇ ಸೆಮಿಸ್ಟರಿನ ಪರೀಕ್ಷೆಯ ತಯಾರಿಯಲ್ಲಿ ಟಿಪ್ಪಣಿ ಬರೆದುಕೊಳ್ಳುವ ಕೈಯೇ ಇಲ್ಲ. ಎಡಗೈಯಲ್ಲಿ ಬರೆಯಲು ಹೋಗಿ, ಒಂದನೇ ತರಗತಿಯ ಮಗುವಿನ ಹಾಗೆ ಅಕ್ಷರ ತಿದ್ದುತ್ತ ಕುಳಿತಿರುತ್ತಿದ್ದಳು.

ಕಾರಿನವರು ಕೆಟ್ಟವರಲ್ಲ. ತಾವೇ ಆಸ್ಪತ್ರೆಗೆ ಕರೆದೊಯ್ದರು, ಖರ್ಚು ಕೊಟ್ಟರು. ದೂರು ಗೀರು ಏನೂ ಆಗಲಿಲ್ಲ. ಹುಡುಗಿಯ ಅಪ್ಪನೇ ಬೇಡವೆಂದ. ಎಲ್ಲರೂ "ಪಾಪ, ಎಷ್ಟು ಒಳ್ಳೆಯವರು" ಎಂದು ಹೊಗಳಿದರು. ನನ್ನ ಜಗಳ ಅವರ ಒಳ್ಳೆಯತನದ ಜೊತೆಗಲ್ಲ. ಆ ಒಂದು ಮಾತಿನ ಜೊತೆಗೆ: ನೋಡಲಿಲ್ಲ.

ಮೂವತ್ತು ವರ್ಷ ಮಕ್ಕಳ ನಡುವೆ ಕಳೆದವಳು ನಾನು. ಹೋಂವರ್ಕ್ ಮಾಡದ ಹುಡುಗ "ಬೋರ್ಡಿನ ಮೇಲೆ ಬರೆದದ್ದು ನೋಡಿಲ್ಲ ಮಿಸ್" ಎಂದರೆ ನಾವು ಅವನನ್ನು ಬಿಡುತ್ತೇವೆಯೆ? "ಕಣ್ಣು ಎಲ್ಲಿತ್ತೋ?" ಎಂದು ಕೇಳುತ್ತೇವೆ. ನೋಡದೆ ಇದ್ದದ್ದೇ ಅವನ ತಪ್ಪು. ದೊಡ್ಡವರಿಗೆ ಮಾತ್ರ ಅದೇ ಮಾತು ರಕ್ಷಾಕವಚವಾಗುತ್ತದೆ. ಸಾಲದೆಂಬಂತೆ, ನೋಡಲಿಲ್ಲ ಎಂದವರನ್ನೇ ನಾಲ್ಕು ಜನ ಸಮಾಧಾನ ಮಾಡುತ್ತಾರೆ. ನೋಡಿಯೂ ಬಾಗಿಲು ತೆಗೆಯುವವರು ರಾಕ್ಷಸರೇ ಇರಬೇಕು, ಅಂಥವರು ನಮ್ಮೂರಲ್ಲಿಲ್ಲ. ಬಾಗಿಲಿಗೆ ಸಿಕ್ಕಿ ಬಿದ್ದವರೆಲ್ಲ ನೋಡದವರ ಕೈಯಿಂದಲೇ ಬಿದ್ದವರು.

ಹೀಗೆ ಬರೆಯುವ ನೀನು ಯಾವ ಸೀಮೆ ಸಾಚಾ ಎಂದು ನೀವು ಕೇಳಬಹುದು. ಹೇಳಿಬಿಡುತ್ತೇನೆ, ಯಾಕೆಂದರೆ ಈ ಬರಹದ ಬೇರು ಇರುವುದೇ ಅಲ್ಲಿ.

2019ರಲ್ಲಿ ಅಣ್ಣನ ಮಗಳ ಮದುವೆಯ ಜವಳಿಗೆಂದು ಅಣ್ಣನ ಕಾರಿನಲ್ಲಿ ಗಾಂಧಿ ಬಜಾರಿನ ಕಡೆ ಹೋಗಿದ್ದೆವು. ನಿಲ್ಲಿಸಲು ಜಾಗವಿಲ್ಲ. "ನೀವು ಇಲ್ಲೇ ಬೇಗ ಇಳಿದುಬಿಡಿ, ನಾನು ಮುಂದೆ ಹಾಕಿ ಬರ್ತೀನಿ" ಎಂದ ಅಣ್ಣ. ಕಾರು ಇನ್ನೂ ರಸ್ತೆಯ ನಡುವಿನಲ್ಲೇ ಇತ್ತು. ಕಾರಿಗೂ ಚರಂಡಿಯ ಕಲ್ಲಿಗೂ ಮಧ್ಯೆ ನಾಲ್ಕೈದು ಅಡಿ ಜಾಗ. ಎಡಗಡೆಯಲ್ಲವೇ, ಭಯವೇನು ಎಂದುಕೊಂಡು, ಮಡಿಲ ಮೇಲಿದ್ದ ಚೀಲ ಸರಿಮಾಡಿಕೊಳ್ಳುತ್ತ, ಅತ್ತಿಗೆಗೆ ಏನನ್ನೋ ಹೇಳುತ್ತ, ಎಡಬಾಗಿಲನ್ನು ತಳ್ಳಿದೆ. ದಡ್ ಎಂದಿತು. ಆ ನಾಲ್ಕೈದು ಅಡಿಯಲ್ಲಿ ಸೊಪ್ಪು ಮಾರುವವನೊಬ್ಬ ಸೈಕಲ್ಲಿನಲ್ಲಿ ಬರುತ್ತಿದ್ದ. ಕ್ಯಾರಿಯರಿಗೆ ಕಟ್ಟಿದ ಬುಟ್ಟಿ ಬಿಚ್ಚಿಕೊಂಡು ದಂಟು, ಹರಿವೆ, ಕೊತ್ತಂಬರಿ ಎಲ್ಲ ಚರಂಡಿಯ ಪಾಲು.

ಆಗ ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? "ಏನಪ್ಪಾ, ನೋಡ್ಕೊಂಡು ಬರಬಾರ್ದಾ?"

ಅದಕ್ಕೆ ಅವನು, ನನಗಿಂತ ಹತ್ತು ವರ್ಷವಾದರೂ ಹಿರಿಯ, ಮೊಣಕಾಲು ಹಿಡಿದುಕೊಂಡು ಏಳುತ್ತ ಹೇಳಿದ: "ತಪ್ಪಾಯ್ತಮ್ಮಾ."

ಅವನು ತಪ್ಪಾಯಿತು ಎಂದ! ನಾನು ಬೀಳಿಸಿದೆ, ನಾನೇ ಬೈದೆ, ಅವನು ಕ್ಷಮೆ ಕೇಳಿದ. ಸೊಪ್ಪಿನ ದುಡ್ಡು ಎಂದು ಇನ್ನೂರು ರೂಪಾಯಿ ಕೊಟ್ಟೆ. ತೆಗೆದುಕೊಂಡು, ಸೊಟ್ಟಗಾಗಿದ್ದ ಹ್ಯಾಂಡಲನ್ನು ಎರಡು ಕಾಲಿನ ಮಧ್ಯೆ ಚಕ್ರ ಹಿಡಿದು ನೆಟ್ಟಗೆ ಮಾಡಿಕೊಂಡು, ಕುಂಟುತ್ತ ತಳ್ಳಿಕೊಂಡು ಹೋದ. ನಾವು ಜವಳಿ ಅಂಗಡಿಯ ಒಳಕ್ಕೆ ಹೋದೆವು. ಅಂದು ತಂದ ಸೀರೆ ಇಂದಿಗೂ ಬೀರುವಿನಲ್ಲಿದೆ. ಮದುವೆಯ ದಿನ ಒಮ್ಮೆ ಉಟ್ಟದ್ದಷ್ಟೇ.

ಆಮೇಲೆ ಯೋಚಿಸಿದಂತೆಲ್ಲ ನನಗೆ ಕಂಡದ್ದು ಇದು. ಕಾರಿನ ಒಳಗೆ ಕುಳಿತ ತಕ್ಷಣ ನಾವು, ಅದರಲ್ಲೂ ಕಾರು ಓಡಿಸಲು ಬಾರದ ನನ್ನಂಥ ಹೆಂಗಸರು, ರಸ್ತೆಯ ನಿಯಮಗಳೆಲ್ಲ ಓಡಿಸುವವರಿಗೆ ಎಂದು ತಿಳಿದುಬಿಡುತ್ತೇವೆ. ಗಂಡನೋ ಮಗನೋ ಡ್ರೈವರೋ ನೋಡಿಕೊಳ್ಳುತ್ತಾರೆ. ನಾವು ಸಾಮಾನಿನ ಹಾಗೆ ಕುಳಿತಿರುತ್ತೇವೆ. ಆದರೆ ಬಾಗಿಲು ತೆಗೆಯುವ ಕೈ ಡ್ರೈವರಿನದಲ್ಲ, ನಮ್ಮದು. ಅಡುಗೆಮನೆಯಲ್ಲಿ ಕುದಿಯುವ ಸಾರಿನ ಪಾತ್ರೆ ಇಳಿಸುವಾಗ ಹಿಂದೆ ಮಗು ಇದೆಯೇ ಎಂದು ನೋಡದೆ ತಿರುಗುವ ಹೆಂಗಸು ಯಾರಿದ್ದಾಳೆ ಹೇಳಿ? ಆ ಎಚ್ಚರ ನಮಗೆ ಯಾರೂ ಪಾಠ ಮಾಡಿ ಕಲಿಸಿದ್ದಲ್ಲ. ಕಾರು ಹತ್ತಿದ ಕೂಡಲೇ ಅದು ಎಲ್ಲಿಗೆ ಹೋಗುತ್ತದೆ?

ಕಾನೂನಿಗೆ ಕೂಡ ಈ ವ್ಯತ್ಯಾಸ ಗೊತ್ತಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಇನ್ನೊಬ್ಬರ ಜೀವಕ್ಕೆ, ಸುರಕ್ಷತೆಗೆ ಅಪಾಯ ತರುವ ಯಾರಿಗೇ ಆದರೂ ಅನ್ವಯಿಸುತ್ತದೆ. ವಾಹನ ಓಡಿಸುವವರಿಗೆ ಮಾತ್ರ ಎಂದಿಲ್ಲ. ತೀವ್ರ ಗಾಯವಾದರೆ ಮೂರು ವರ್ಷದವರೆಗೆ ಶಿಕ್ಷೆ ಇದೆ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ನನ್ನ ಸಹೋದ್ಯೋಗಿಗಳು ನಕ್ಕರು. "ಬಾಗಿಲು ತೆಗೆದದ್ದಕ್ಕೆ ಜೈಲಾ ಮೇಡಂ?" ಜೈಲಿಗೆ ಕಳಿಸಿ ಎಂದು ನಾನೂ ಹೇಳುವುದಿಲ್ಲ. ಆದರೆ ಇದನ್ನು ಹಣೆಬರಹದ ಖಾತೆಗೆ ಹಾಕುವುದನ್ನು ನಿಲ್ಲಿಸೋಣ. ಸರಕಾರದ ಲೆಕ್ಕವೂ ಇದರಲ್ಲಿ ನಮ್ಮ ಹಾಗೆಯೇ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಅತಿವೇಗ, ಕುಡಿತ, ತಪ್ಪು ದಿಕ್ಕು, ಕೆಂಪು ದೀಪ, ಮೊಬೈಲು ಎಂದು ಕಾರಣಗಳ ಪಟ್ಟಿ ಇದೆ. ಬಾಗಿಲಿಗೆ ಪ್ರತ್ಯೇಕ ಸಾಲಿಲ್ಲ. ಅದು 'ಇತರೆ'ಯಲ್ಲಿ ಅಡಗಿ ಕುಳಿತಿದೆ.

"ಸೈಕಲ್ ಹುಡುಗರೇನು ಕಡಿಮೆಯೇ?" ಎಂಬ ಮಾತು ಬಂದೇ ಬರುತ್ತದೆ. ಕಡಿಮೆಯಲ್ಲ. ಎರಡು ಕೈ ಬಿಟ್ಟು ಹೋಗುವವರು, ಒಂದು ಸೈಕಲ್ಲಿಗೆ ಮೂವರು ಹತ್ತುವವರು, ಎದುರು ದಿಕ್ಕಿನಲ್ಲಿ ನುಗ್ಗುವವರು ಎಲ್ಲರೂ ನನ್ನ ಶಾಲೆಯಲ್ಲೇ ಇದ್ದಾರೆ. ಅವರಿಗೆ ನನ್ನಿಂದ ಬೇಕಾದಷ್ಟು ಬೈಗುಳ ಸಂದಿದೆ. ಆದರೆ ಈ ಹುಡುಗಿ ತನ್ನ ದಿಕ್ಕಿನಲ್ಲಿ, ನೆಟ್ಟಗೆ ಹೋಗುತ್ತಿದ್ದಳು. ಅಂಗಡಿಯವರು "ಒಂಚೂರು ಬಲಕ್ಕೆ ಹೋಗಿದ್ರೆ ಏನೂ ಆಗ್ತಿರ್ಲಿಲ್ಲ" ಎಂದರಂತೆ. ಮಾತು ನಿಜ. ನಿಂತ ಕಾರಿನಿಂದ ಒಂದು ಬಾಗಿಲಿನಷ್ಟು, ಎಂದರೆ ಮೂರು ಮೂರೂವರೆ ಅಡಿ ದೂರ ಬಿಟ್ಟು ಸಾಗಬೇಕೆಂದು ನಾನೂ ಮಕ್ಕಳಿಗೆ ಹೇಳುತ್ತೇನೆ. ಈಗ ನೀವೇ ದುರ್ಗಿಗುಡಿಯ ರಸ್ತೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಎರಡೂ ಬದಿ ಕಾರು, ಬೈಕು. ಸೈಕಲ್ಲಿನ ಮಗು ಮೂರೂವರೆ ಅಡಿ ಬಲಕ್ಕೆ ಸರಿದರೆ ಹಿಂದಿನವನು ಹಾರನ್ ಒತ್ತಿ "ಏ, ಸೈಡಿಗೆ ಹೋಗೇ" ಎನ್ನುತ್ತಾನೆ. ಎಡಕ್ಕೆ ಸರಿದರೆ ಬಾಗಿಲು. ಆ ಮಗು ಎಲ್ಲಿ ಹೋಗಬೇಕು, ಗಾಳಿಯಲ್ಲಿಯೇ?

ನಾನು ಕಲಿಸುವುದು ಕನ್ನಡ ಮತ್ತು ಸಮಾಜ ವಿಜ್ಞಾನ, ಲೆಕ್ಕದಲ್ಲಿ ಹಿಂದು. ಗಣಿತದ ಮೇಷ್ಟರನ್ನು ಕೇಳಿದೆ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ, ಅಂದರೆ ಸಾಧಾರಣವಾಗಿ ಸೈಕಲ್ ತುಳಿಯುವವರು ಒಂದು ಸೆಕೆಂಡಿನಲ್ಲಿ ನಾಲ್ಕು ಮೀಟರಿಗಿಂತ ತುಸು ಹೆಚ್ಚೇ ಮುಂದೆ ಹೋಗಿರುತ್ತಾರೆ. ಹೆಚ್ಚುಕಡಿಮೆ ಒಂದು ಕಾರಿನ ಉದ್ದ. ಬಾಗಿಲು ತೆರೆದದ್ದು ಕಂಡು, ಗಾಬರಿಯಾಗಿ, ಬೆರಳು ಬ್ರೇಕಿಗೆ ಹೋಗುವಷ್ಟರಲ್ಲಿ ಆ ನಾಲ್ಕು ಮೀಟರು ಮುಗಿದೇ ಹೋಗಿರುತ್ತದೆ. ಒಳಗಿರುವವರಿಗಾದರೋ ಬೇಕಾದಷ್ಟು ಹೊತ್ತಿದೆ. ಕಾರು ನಿಂತಿದೆ, ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ. ಮೂರು ಸೆಕೆಂಡು ತಡೆದರೆ ಯಾವ ಅಂಗಡಿಯೂ ಬಾಗಿಲು ಹಾಕಿಕೊಂಡು ಹೋಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಇದರಲ್ಲಿ ಆಟೋದವರು ನಮಗಿಂತ ಬುದ್ಧಿವಂತರು. ನಮ್ಮ ಆಟೋಗಳನ್ನು ನೋಡಿ, ಬಲಗಡೆಗೆ ಕಬ್ಬಿಣದ ಕಂಬಿ ಅಡ್ಡ ಇರುತ್ತದೆ. ಹತ್ತುವುದು ಇಳಿಯುವುದು ಎಡಗಡೆಯಿಂದ ಮಾತ್ರ. ಲಕ್ಷಗಟ್ಟಲೆ ಕೊಟ್ಟು ಕೊಂಡ ಕಾರಿಗೂ ಅಂಥದೇ ಒಂದು ಕಂಬಿ ಇದೆ, ನಮಗೆ ಗೊತ್ತಿರುವುದಿಲ್ಲ ಅಷ್ಟೆ. ಹಿಂದಿನ ಬಾಗಿಲು ತೆರೆದು ಅದರ ಅಂಚನ್ನು ನೋಡಿದರೆ ಒಂದು ಪುಟ್ಟ ಗುಂಡಿಯೋ ಕೊಂಡಿಯೋ ಕಾಣುತ್ತದೆ. ಚೈಲ್ಡ್ ಲಾಕ್ ಎನ್ನುತ್ತಾರೆ. ಅದನ್ನು ಹಾಕಿದರೆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಬಲಬದಿಗೆ ಅದನ್ನು ಹಾಕಿಟ್ಟರೆ ಮಕ್ಕಳು, ಅಜ್ಜಿಯಂದಿರು, ನಾವು ಎಲ್ಲರೂ ಎಡಕ್ಕೆ ಜರುಗಿ ಇಳಿಯುತ್ತೇವೆ. ಸೀರೆಯ ನಿರಿಗೆ ಮುದುಡೀತು. ಮುದುಡಲಿ ಬಿಡಿ.

ಆದರೆ ಎಡಗಡೆಯೂ ಪೂರ್ತಿ ಕ್ಷೇಮವಲ್ಲ ಎಂಬುದನ್ನು ಸೊಪ್ಪಿನವನು ನನಗೆ ಕಲಿಸಿದ್ದಾನೆ. ಅದಕ್ಕೆ ಇನ್ನೊಂದು ಅಭ್ಯಾಸವಿದೆ, ಕಾಸು ಖರ್ಚಿಲ್ಲದ್ದು. ಬಾಗಿಲಿಗೆ ಹತ್ತಿರವಿರುವ ಕೈಯಿಂದ ಅದನ್ನು ತೆಗೆಯಬಾರದು, ದೂರದ ಕೈಯಿಂದ ತೆಗೆಯಬೇಕು. ಬಲಬಾಗಿಲಿನ ಪಕ್ಕ ಕುಳಿತವರು, ಎಂದರೆ ಕಾರು ಓಡಿಸುವವರು ಮತ್ತು ಅವರ ಹಿಂದಿನವರು, ಎಡಗೈಯಿಂದ. ಎಡಬಾಗಿಲಿನ ಪಕ್ಕದವರು ಬಲಗೈಯಿಂದ. ಕುಳಿತಲ್ಲೇ ಒಮ್ಮೆ ಮಾಡಿ ನೋಡಿ. ದೂರದ ಕೈಯನ್ನು ಅತ್ತ ಚಾಚುವಾಗ ಮೈ ತಾನಾಗಿ ತಿರುಗುತ್ತದೆ, ಮೈಯ ಜೊತೆ ಕತ್ತು ತಿರುಗುತ್ತದೆ, ಹಿಂದಿನಿಂದ ಬರುವವರು ಗಾಜಿನಲ್ಲಿ ಕಾಣುತ್ತಾರೆ. ಬಾಗಿಲನ್ನು ರಭಸವಾಗಿ ತಳ್ಳಲೂ ಆ ಕೈಗೆ ಆಗುವುದಿಲ್ಲ. ನೋಡಬೇಕು ಎಂಬ ನೆನಪು ತಲೆಯಲ್ಲಿ ಇರದಿದ್ದರೂ ಕೈ ಅದನ್ನು ಮಾಡಿಸುತ್ತದೆ. ನನ್ನಂಥ ಮರೆಗುಳಿಗಳಿಗೆ ಇದು ವರವೇ.

ನೆದರ್ಲೆಂಡ್ಸ್ ದೇಶದವರ ರೂಢಿ ಎಂದು ಇದಕ್ಕೆ ಡಚ್ ರೀಚ್ ಎಂದು ಹೆಸರು. ಆ ಹೆಸರನ್ನು 2016ರಲ್ಲಿ ಇಟ್ಟು ಪ್ರಚಾರಕ್ಕೆ ಇಳಿದವರು ಮಾತ್ರ ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ನಿವೃತ್ತ ವೈದ್ಯರೊಬ್ಬರು. ಬ್ರಿಟನ್ನಿನ ಹೈವೇ ಕೋಡ್ ಎಂಬ ರಸ್ತೆ ನಿಯಮಗಳ ಪುಸ್ತಕಕ್ಕೆ 2022ರ ಜನವರಿಯಲ್ಲಿ ಇದನ್ನು ಸೇರಿಸಿದರು. ಅವರೂ ನಮ್ಮ ಹಾಗೆ ರಸ್ತೆಯ ಎಡಬದಿಗೇ ಸಾಗುವವರು. ಅವರಿಂದ ಬೇಕಾದ್ದು ಬೇಡವಾದ್ದು ಎಷ್ಟೋ ಕಲಿತಿದ್ದೇವೆ, ಇದೊಂದು ಕಲಿತರೆ ನಷ್ಟವಿಲ್ಲ.

ಕನ್ನಡಿ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಹೊರಗಿನ ಕನ್ನಡಿ ಇರುವುದು ಓಡಿಸುವವರಿಗೆ. ಹಿಂದೆ ಕುಳಿತವರಿಗೆ ಅದು ದಕ್ಕುವುದಿಲ್ಲ. ಎಡಗಡೆಯ ಕನ್ನಡಿಯಂತೂ ಉಬ್ಬುಗನ್ನಡಿ, ಹತ್ತಿರವಿರುವ ಸೈಕಲ್ಲನ್ನು ಚಿಕ್ಕದಾಗಿ, ದೂರವಿದ್ದಂತೆ ತೋರಿಸುತ್ತದೆ. ಮಳೆ ಬಂದರೆ ಅದೂ ಮಬ್ಬು. ಮಳೆಗಾಲದಲ್ಲಿ ಗಾಜನ್ನು ನಾಲ್ಕು ಬೆರಳು ಇಳಿಸಿ ನೋಡಿದರೆ ತೋಯ್ದು ಹೋಗುವವರು ಯಾರೂ ಇಲ್ಲ.

ಈಗ ಬೆಳಿಗ್ಗೆ ನಮ್ಮ ಶಾಲೆಯ ಗೇಟಿನ ಹತ್ತಿರ ನಿಲ್ಲುವುದು ನನ್ನ ಪಾಳಿ. ಕಾರಿನಲ್ಲಿ ಮಗುವನ್ನು ತಂದು ಬಿಡುವ ತಾಯಂದಿರು, ಅಜ್ಜಂದಿರು ಸರಿಯಾಗಿ ಗೇಟಿನ ಮುಂದೆಯೇ ನಿಲ್ಲಿಸಬೇಕು. ಹಿಂದಿನಿಂದ ಸೈಕಲ್ಲಿನ ಮಕ್ಕಳು ಬರುತ್ತಿರುತ್ತಾರೆ. ಚೀಲ ಬೆನ್ನಿಗೇರಿಸಿಕೊಂಡ ಮಗು ರಪ್ಪನೆ ಬಾಗಿಲು ಒದ್ದು ಇಳಿಯುತ್ತದೆ. ನಾನು ಹೋಗಿ ಬಾಗಿಲನ್ನು ಹೊರಗಿನಿಂದ ಹಿಡಿದುಕೊಂಡು, "ಆ ಕೈಯಲ್ಲ ಪುಟ್ಟ, ಈ ಕೈ" ಎನ್ನುತ್ತೇನೆ. ಮಕ್ಕಳು ಎರಡೇ ದಿನಕ್ಕೆ ಕಲಿತರು. ಒಬ್ಬ ಅಜ್ಜ ಮಾತ್ರ "ಐವತ್ತು ವರ್ಷದಿಂದ ಬಾಗಿಲು ತೆಗೀತಿದೀನಮ್ಮ, ನನಗೆ ಹೇಳಿಕೊಡ್ತೀಯಾ?" ಎಂದರು. ಹೌದು ಅಜ್ಜ, ಹೇಳಿಕೊಡುತ್ತೇನೆ, ನನಗೆ ಸಂಬಳ ಕೊಡುವುದೇ ಅದಕ್ಕೆ ಎಂದೆ. ಅವರು ಮೊಮ್ಮಗನ ಕಡೆ ತಿರುಗಿ "ನಿಮ್ಮ ಮಿಸ್ ಜೋರಿದಾರೆ" ಎಂದರು.

ಇಷ್ಟೆಲ್ಲ ರೇಗಾಟ ಒಂದು ಮುಂಗೈ ಮೂಳೆಗೆ ಮಾತ್ರವೆಂದು ನೀವು ತಿಳಿಯಬಾರದು. ಮೂಳೆ ಕೂಡಿಕೊಂಡಿತು. ಕೂಡಿಕೊಳ್ಳದ್ದು ಬೇರೆ.

ನಾನು ಸೈಕಲ್ ಕಲಿತದ್ದು 1981ರ ಬೇಸಿಗೆಯಲ್ಲಿ, ಅಣ್ಣನ ದೊಡ್ಡ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ. ಲಂಗ ಚೈನಿಗೆ ಸಿಕ್ಕಿ ಹರಿದಾಗ ಅಮ್ಮನಿಗಿಂತ ಹೆಚ್ಚು ಬೈದದ್ದು ಬೀದಿಯವರು. ಆಮೇಲೆ ಟೀಚರಾಗಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರಕಾರ ಸೈಕಲ್ ಕೊಡಲು ಶುರುಮಾಡಿದ್ದನ್ನೂ ನೋಡಿದೆ. ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತ ಹೊಸ ಸೈಕಲ್ಲುಗಳ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಹುಡುಗಿಯರು ಹತ್ತಿ ಹೋದ ದಿನ ನನ್ನ ಕಣ್ಣು ತುಂಬಿತ್ತು. ಕೋವಿಡ್ ಕಾಲದಲ್ಲಿ ಆ ಯೋಜನೆ ನಿಂತುಹೋಯಿತು. ಹಾಗಾಗಿ ಈ ಹುಡುಗಿಯ ಸೈಕಲ್ ಸರಕಾರದ್ದಲ್ಲ. ಅವಳ ತಾಯಿ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಕೊಡಿಸಿದ್ದು. ಅವಳು ಬಿದ್ದ ತಿಂಗಳಲ್ಲಿ ಇನ್ನೂ ಕಂತು ಮುಗಿದಿರಲಿಲ್ಲ.

ಅಪ್ಪ ಖಂಡಿತವಾಗಿ ಹೇಳಿದ್ದಾನೆ, ಇನ್ನು ಸೈಕಲ್ ಬೇಡ. "ಹೆಣ್ಣುಮಗು ಮೇಡಂ, ಕೈಗೆ ಆಗಿದ್ದು ಮುಖಕ್ಕೆ ಆಗಿದ್ರೆ? ಬಸ್ಸು ಫ್ರೀ ಇದೆಯಲ್ಲ." ಹೌದು, 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತ. ಆದರೆ ಅವಳ ದಾರಿಯ ಬಸ್ಸಿಗೂ ನಮ್ಮ ಮೊದಲ ಗಂಟೆಗೂ ಹೊಂದಿಕೆಯಿಲ್ಲ. ವಾರಕ್ಕೆ ಎರಡು ದಿನ ತಡ, ಒಂದು ದಿನ ಗೈರುಹಾಜರು. ಸಂಜೆಯ ವಿಶೇಷ ತರಗತಿಗೆ ನಿಂತರೆ ವಾಪಸು ಹೋಗಲು ಬಸ್ಸಿಲ್ಲ ಎಂದು ಅದನ್ನೂ ಬಿಟ್ಟಿದ್ದಾಳೆ. ಬರುವ ವರ್ಷ ಅವಳಿಗೆ ಎಸ್‌ಎಸ್‌ಎಲ್‌ಸಿ. ಮದುವೆಮನೆಯಲ್ಲಿ "ಈಗ ಹೇಗಿದ್ದಾಳೆ" ಎಂದು ಕೇಳಿದವರಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದು.

ದಸರಾ ರಜೆಗೆ ಮುಂಚೆ ಅವಳ ಅಪ್ಪ ಶಾಲೆಗೆ ಬಂದಿದ್ದ. ಸೈಕಲ್ ಮಾರುವುದಿದೆ, ನಿಮ್ಮ ಶಾಲೆಯಲ್ಲಿ ಯಾರಿಗಾದರೂ ಬೇಕೇ ಕೇಳಿ, ಎರಡು ಸಾವಿರ ಬಂದರೆ ಸಾಕು ಎಂದ. ಹುಡುಗಿ ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದಳು. ದೀಪಾವಳಿ ಕಳೆಯುವವರೆಗೆ ಮಾರಬೇಡಪ್ಪ, ಚಳಿಗಾಲದಲ್ಲಿ ರಸ್ತೆ ಒಣಗುತ್ತದೆ, ಮೊದಲ ನಾಲ್ಕು ದಿನ ನಾನೇ ಸ್ಕೂಟಿಯಲ್ಲಿ ಅವಳ ಹಿಂದೆ ಬರುತ್ತೇನೆ ಎಂದು ಹೇಳಿ ಕಳಿಸಿದೆ. ಈಗ ದೀಪಾವಳಿಯೂ ಕಳೆದಿದೆ. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಸೈಕಲ್ ಇನ್ನೂ ಇದೆ ಮಿಸ್, ಹಿಂದಿನ ಟೈರಿನಲ್ಲಿ ಗಾಳಿ ಮಾತ್ರ ಇಲ್ಲ ಎಂದು ನಿನ್ನೆ ಹುಡುಗಿಯೇ ಬಂದು ಹೇಳಿದಳು.